ಜಾಲಪುಟದ ಕೋಷ್ಟಕವೂ ಅದರ ತಲೆಸಾಲೂ

ಕಾಲೇಜಿನಲ್ಲಿ ಗಣಿತವನ್ನು ಓದಿದವರು ಲಾಗರಿದಮ್ ಕೋಷ್ಟಕವನ್ನು ಒಮ್ಮೆಯಾದರೂ ಬಿಡಿಸಿ ನೋಡಿರುತ್ತಾರೆ. 2.34ರ ಲಾಗರಿದಮ್ ಬೇಕಾದಾಗ ನಾವು ಮಾಡುವುದೇನು? ಎಡ ಅಂಚಿನಲ್ಲಿ 23 ಎಂಬ ಸಂಖ್ಯೆಯನ್ನು ಹುಡುಕಿ ಅಲ್ಲಿ ಒಂದು ಬೆರಳನ್ನಿಡುತ್ತೇವೆ; ಮೇಲಂಚಿನ 4 ಎಂಬ ಅಂಕಿಯಿಂದ ಇನ್ನೊಂದು ಬೆರಳನ್ನು ಕೆಳಕ್ಕೆ ಇಳಿಸುತ್ತೇವೆ. ಎರಡೂ ಕೂಡುವ ಮನೆಯಲ್ಲಿ 3692 ಎಂದಿದೆ, ಉತ್ತರ 0.3692. ಈಗ ಆ ಪುಟದ ಎಡ ಅಂಚನ್ನೂ ಮೇಲಂಚನ್ನೂ ಯಾರೋ ಕತ್ತರಿಸಿ ತೆಗೆದರೆಂದು ಭಾವಿಸೋಣ. 3692 ಇದ್ದಲ್ಲಿಯೇ ಇದೆ. ಅದರ ಒಂದು ಅಂಕಿಯೂ ಅಳಿದಿಲ್ಲ. ಆದರೂ ಅದು ಏತರ ಬೆಲೆಯೆಂದು ಹೇಳಬಲ್ಲವರಾರು?

ಕೋಷ್ಟಕದಲ್ಲಿ ಸಂಖ್ಯೆಗೆ ಅರ್ಥ ಬರುವುದು ಅದರ ಅಡ್ಡಸಾಲಿನ ಹೆಸರು ಮತ್ತು ಕಂಬಸಾಲಿನ ಹೆಸರು ಎಂಬ ಎರಡರಿಂದ. ಅಚ್ಚಿನ ಪುಸ್ತಕದಲ್ಲಿ ಈ ಸಂಬಂಧವನ್ನು ಓದುಗನ ಕಣ್ಣೇ ಕಟ್ಟಿಕೊಳ್ಳುತ್ತದೆ. ಜಾಲಪುಟದಲ್ಲಿ ಹಾಗಲ್ಲ, ಅದನ್ನು ಬರೆಯುವವನೇ ಕಟ್ಟಿಕೊಡಬೇಕು. ಅದು ಹೇಗೆಂಬುದೇ ಈ ಪಾಠದ ವಿಷಯ.

ಕೋಷ್ಟಕದ ಗುರುತುಗಳು

ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಎಂಬುದು ಗುರುತುಗಳ ಭಾಷೆ. ಇದು ಶೀರ್ಷಿಕೆ, ಇದು ವಾಕ್ಯವೃಂದ, ಇದು ಪಟ್ಟಿ ಎಂದು ಪಠ್ಯದ ಒಂದೊಂದು ಭಾಗಕ್ಕೂ ಕೋನಾಕಾರದ ಆವರಣಗಳಲ್ಲಿ ಗುರುತು ಹಚ್ಚುವುದೇ ಅದರ ಕೆಲಸ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಇದನ್ನು ರೂಪಿಸಿದರು. 1991ರಲ್ಲಿ ಪ್ರಕಟವಾದ ಮೊದಲ ವಿವರಣೆಯಲ್ಲಿ ಕೋಷ್ಟಕಕ್ಕೆ ಗುರುತೇ ಇರಲಿಲ್ಲ. 1996ರಲ್ಲಿ ಡೇವ್ ರಾಗೆಟ್ ಅವರು ಕೋಷ್ಟಕಗಳಿಗಾಗಿಯೇ ಒಂದು ವಿವರಣೆಯನ್ನು ಪ್ರಕಟಿಸಿದರು. 1997ರ ಡಿಸೆಂಬರಿನಲ್ಲಿ ಹೊರಬಂದ ಎಚ್‌ಟಿಎಂಎಲ್ 4.0ರಲ್ಲಿ ತಲೆ, ಒಡಲು, ಅಡಿ ಎಂಬ ಮೂರು ಭಾಗಗಳುಳ್ಳ ಕೋಷ್ಟಕಕ್ಕೆ ಸ್ಥಾನ ದೊರೆಯಿತು.

ಇಡೀ ಕೋಷ್ಟಕವನ್ನು ‘ಟೇಬಲ್’ ಎಂಬ ಗುರುತಿನೊಳಗೆ ಬರೆಯುತ್ತೇವೆ. ಒಂದು ಅಡ್ಡಸಾಲಿಗೆ ‘ಟಿಆರ್’, ಅಂಕಿಅಂಶವಿರುವ ಒಂದು ಮನೆಗೆ ‘ಟಿಡಿ’, ಹೆಸರನ್ನು ಹೊತ್ತ ಮನೆಗೆ ‘ಟಿಎಚ್’. ಭೂಮಿ ಮತ್ತು ಮಂಗಳ ಗ್ರಹಗಳನ್ನು ಕುರಿತ ಚಿಕ್ಕ ಕೋಷ್ಟಕವೊಂದನ್ನು ನೋಡೋಣ. ಓದುವ ಅನುಕೂಲಕ್ಕಾಗಿ ಗುರುತುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕಕ್ಕೆ ಕೊಡುವಾಗ ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು.

<ಟೇಬಲ್>
<ಕ್ಯಾಪ್ಷನ್>ಎರಡು ಗ್ರಹಗಳು</ಕ್ಯಾಪ್ಷನ್>
<ಟಿಹೆಡ್>
<ಟಿಆರ್>
<ಟಿಎಚ್ ಸ್ಕೋಪ್="ಕಾಲ್">ಗ್ರಹ</ಟಿಎಚ್>
<ಟಿಎಚ್ ಸ್ಕೋಪ್="ಕಾಲ್">ವ್ಯಾಸ, ಕಿ.ಮೀ.</ಟಿಎಚ್>
<ಟಿಎಚ್ ಸ್ಕೋಪ್="ಕಾಲ್">ಪ್ರದಕ್ಷಿಣ ಕಾಲ, ದಿನ</ಟಿಎಚ್>
<ಟಿಎಚ್ ಸ್ಕೋಪ್="ಕಾಲ್">ಉಪಗ್ರಹ</ಟಿಎಚ್>
</ಟಿಆರ್>
</ಟಿಹೆಡ್>
<ಟಿಬಾಡಿ>
<ಟಿಆರ್>
<ಟಿಎಚ್ ಸ್ಕೋಪ್="ರೋ">ಭೂಮಿ</ಟಿಎಚ್>
<ಟಿಡಿ>12756</ಟಿಡಿ>
<ಟಿಡಿ>365</ಟಿಡಿ>
<ಟಿಡಿ>1</ಟಿಡಿ>
</ಟಿಆರ್>
<ಟಿಆರ್>
<ಟಿಎಚ್ ಸ್ಕೋಪ್="ರೋ">ಮಂಗಳ</ಟಿಎಚ್>
<ಟಿಡಿ>6792</ಟಿಡಿ>
<ಟಿಡಿ>687</ಟಿಡಿ>
<ಟಿಡಿ>2</ಟಿಡಿ>
</ಟಿಆರ್>
</ಟಿಬಾಡಿ>
</ಟೇಬಲ್>

‘ಕ್ಯಾಪ್ಷನ್’ ಎಂಬುದು ಇಡೀ ಕೋಷ್ಟಕದ ಶಿರೋನಾಮೆ. ಇದು ಟೇಬಲ್ ಗುರುತಿನ ಒಡನೆಯೇ, ಎಲ್ಲಕ್ಕಿಂತ ಮೊದಲು ಬರಬೇಕು. ‘ಸ್ಕೋಪ್’ ಎಂದರೆ ವ್ಯಾಪ್ತಿ: ಈ ಹೆಸರು ತನ್ನ ಕೆಳಗಿನ ಕಂಬಸಾಲಿಗೆಲ್ಲ ಸಲ್ಲುವುದಾದರೆ ‘ಕಾಲ್’ ಎಂದೂ, ಅಡ್ಡಸಾಲಿಗೆ ಸಲ್ಲುವುದಾದರೆ ‘ರೋ’ ಎಂದೂ ಬರೆಯುತ್ತೇವೆ. ಲಾಗರಿದಮ್ ಕೋಷ್ಟಕದ ಮೇಲೆ ನಾವಿಟ್ಟ ಎರಡು ಬೆರಳುಗಳು ಇವೇ ಎಂದು ತಿಳಿಯಬಹುದು.

ಕಿವಿಯಿಂದ ಓದುವವರು

ತಲೆಸಾಲಿನ ಅಕ್ಷರಗಳನ್ನು ದಪ್ಪಗೆ ಮಾಡಿದರೆ ಸಾಲದೆ, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಕಣ್ಣಿದ್ದವರಿಗೆ ಅಷ್ಟೇ ಸಾಕು. ಆದರೆ ಜಾಲಪುಟಗಳನ್ನು ಕಿವಿಯಿಂದ ಓದುವವರೂ ಉಂಟು. ದೃಷ್ಟಿಹೀನರಿಗಾಗಿ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳಿವೆ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರ್ರನ್ ಅವರು ಆರಂಭಿಸಿದ ಎನ್‌ವಿಡಿಎ ಅಂತಹುದೊಂದು. ಅದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ.

ಮನೆಗಳೆಲ್ಲವನ್ನೂ ಬರಿಯ ‘ಟಿಡಿ’ ಗುರುತಿನಿಂದ ಬರೆದಿದ್ದರೆ, ಅಂತಹ ತಂತ್ರಾಂಶ ಮಂಗಳನ ಸಾಲನ್ನು “ಮಂಗಳ, 6792, 687, 2” ಎಂದು ಓದುತ್ತದೆ. ಎರಡೇ ಸಾಲುಗಳಾದರೆ ಕೇಳುವವರು ನೆನಪಿನಲ್ಲಿಟ್ಟುಕೊಂಡಾರು. ಆದರೆ ಅದು ಐವತ್ತು ಸಾಲುಗಳ ಪರೀಕ್ಷಾ ಫಲಿತಾಂಶವೋ, ಶುಲ್ಕದ ಪಟ್ಟಿಯೋ ಆಗಿದ್ದರೆ? ಮೂವತ್ತನೆಯ ಸಾಲಿನಲ್ಲಿ ಕೇಳಿಬಂದ 35 ಎಂಬುದು ಭೌತಶಾಸ್ತ್ರದ ಅಂಕವೋ ರಸಾಯನಶಾಸ್ತ್ರದ್ದೋ ತಿಳಿಯದೆ, ವಿದ್ಯಾರ್ಥಿ ತನ್ನ ಫಲಿತಾಂಶವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗುತ್ತದೆ. ಗುರುತುಗಳು ಸರಿಯಾಗಿದ್ದಲ್ಲಿ ಹೀಗಾಗದು. ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಹಿಡಿದು ಬಾಣದ ಕೀಲಿಯಿಂದ ಬಲಕ್ಕೆ ಸರಿದಾಗ ಎನ್‌ವಿಡಿಎ ಹೊಸ ಕಂಬಸಾಲಿನ ಹೆಸರನ್ನೂ, ಕೆಳಕ್ಕೆ ಇಳಿದಾಗ ಹೊಸ ಅಡ್ಡಸಾಲಿನ ಹೆಸರನ್ನೂ ಹೇಳಿ ಬಳಿಕ ಬೆಲೆಯನ್ನು ಓದುತ್ತದೆ. ಎಲ್ಲಿ ನಿಂತಿದ್ದೇನೆಂಬುದು ಕೇಳುವವರಿಗೆ ಸದಾ ತಿಳಿದಿರುತ್ತದೆ.

ತಲೆ, ಒಡಲು, ಅಡಿ

ಇನ್ನು ‘ಟಿಹೆಡ್’, ‘ಟಿಬಾಡಿ’, ‘ಟಿಫುಟ್’ ಎಂಬ ಗುರುತುಗಳ ಕೆಲಸ ಬೇರೆ. ಇವು ಮನೆಗಳಿಗೆ ಹೆಸರಿಡುವುದಿಲ್ಲ, ಸಾಲುಗಳನ್ನು ಗುಂಪುಗೂಡಿಸುತ್ತವೆ. ‘ಟಿಹೆಡ್’ ಒಳಗೆ ಬರೆದ ಮಾತ್ರಕ್ಕೆ ‘ಟಿಡಿ’ ಮನೆಯೊಂದು ತಲೆಬರಹವಾಗುವುದಿಲ್ಲ. ಅದಕ್ಕೆ ‘ಟಿಎಚ್’ ಗುರುತೇ ಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹಾಗಾದರೆ ಗುಂಪುಗೂಡಿಸುವುದರಿಂದ ಪ್ರಯೋಜನವೇನು? ಉದ್ದವಾದ ಕೋಷ್ಟಕವನ್ನು ಕಾಗದದ ಮೇಲೆ ಮುದ್ರಿಸಿದಾಗ ಅದು ಹಲವು ಪುಟಗಳಿಗೆ ಹರಡುತ್ತದೆ. ತಲೆಸಾಲು ‘ಟಿಹೆಡ್’ ಒಳಗಿದ್ದರೆ ಹಲವು ಬ್ರೌಸರುಗಳು ಅದನ್ನು ಪ್ರತಿ ಪುಟದ ಮೇಲೂ ತಾವಾಗಿಯೇ ಮರಳಿ ಅಚ್ಚಿಸುತ್ತವೆ. ಇಲ್ಲವಾದರೆ ಎರಡನೆಯ ಪುಟದಿಂದಾಚೆಗೆ ನಮ್ಮ ಕೈಗೆ ಬರುವುದು ಅಂಚು ಕತ್ತರಿಸಿದ ಲಾಗರಿದಮ್ ಕೋಷ್ಟಕವೇ ಸರಿ.

ಒಂದು ಕೋಷ್ಟಕಕ್ಕೆ ತಲೆಯೂ ಅಡಿಯೂ ಒಂದೊಂದೇ. ಒಡಲುಗಳು ಮಾತ್ರ ಎಷ್ಟಾದರೂ ಇರಬಹುದು. ಎಂಟು ಗ್ರಹಗಳ ಕೋಷ್ಟಕದಲ್ಲಿ ಬುಧನಿಂದ ಮಂಗಳನವರೆಗೆ ಒಂದು ‘ಟಿಬಾಡಿ’, ಗುರುವಿನಿಂದ ನೆಪ್ಚೂನಿನವರೆಗೆ ಇನ್ನೊಂದು ಎಂದು ವಿಂಗಡಿಸಬಹುದು. ‘ಟಿಫುಟ್’ ಮೊತ್ತ, ಸರಾಸರಿ ಮುಂತಾದವುಗಳಿಗೆ ಮೀಸಲು. ಎಚ್‌ಟಿಎಂಎಲ್ 4ರ ನಿಯಮದಂತೆ ಅಡಿಯನ್ನು ಒಡಲಿಗಿಂತ ಮೊದಲೇ ಬರೆಯಬೇಕಾಗಿತ್ತು. ಸಾಲುಗಳೆಲ್ಲ ಬಂದು ಸೇರುವ ಮುನ್ನವೇ ಬ್ರೌಸರು ಅಡಿಯನ್ನು ಸಜ್ಜುಗೊಳಿಸಲಿ ಎಂಬುದು ಇದರ ಉದ್ದೇಶ. ಈಗ ಅದನ್ನು ಸಹಜವಾಗಿ ಕೊನೆಯಲ್ಲಿಯೇ ಬರೆಯುತ್ತೇವೆ.

ಮೂರು ಎಚ್ಚರಿಕೆಗಳು

ಮೊದಲನೆಯದಾಗಿ, ‘ಟಿಎಚ್’ ಮನೆಯ ಅಕ್ಷರಗಳನ್ನು ಬ್ರೌಸರು ದಪ್ಪಗೆ ತೋರಿಸುತ್ತದೆಂದು ಅಲಂಕಾರಕ್ಕಾಗಿ ಆ ಗುರುತನ್ನು ಬಳಸಬಾರದು. ಅಲಂಕಾರಕ್ಕೆ ಸಿಎಸ್‌ಎಸ್ ಎಂಬ ಬೇರೆ ಭಾಷೆಯೇ ಇದೆ. ಎರಡನೆಯದಾಗಿ, ಕೋಷ್ಟಕದ ಚಿತ್ರವನ್ನು ತೆಗೆದು ಅಂಟಿಸಬಾರದು. ಚಿತ್ರದಲ್ಲಿ ಸಾಲೂ ಇಲ್ಲ, ಮನೆಯೂ ಇಲ್ಲ. ಮೂರನೆಯದಾಗಿ, ಪುಟದ ಭಾಗಗಳನ್ನು ಅಕ್ಕಪಕ್ಕದಲ್ಲಿ ಜೋಡಿಸುವುದಕ್ಕಾಗಿ ಕೋಷ್ಟಕವನ್ನು ಕಟ್ಟಬಾರದು. ಸಾಲಿಗೂ ಕಂಬಕ್ಕೂ ಹೆಸರಿಡಲು ಬಾರದಿದ್ದರೆ ಅದು ಕೋಷ್ಟಕವೇ ಅಲ್ಲ.

ವಿದ್ಯಾರ್ಥಿಗಳು ತಮ್ಮ ತರಗತಿಯ ವೇಳಾಪಟ್ಟಿಯನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಲಿ. ವಾರಗಳು ಎಡ ಅಂಚಿನಲ್ಲಿ, ಪಾಠದ ವೇಳೆಗಳು ಮೇಲಂಚಿನಲ್ಲಿ. ಬರೆದು ಮುಗಿಸಿದ ಮೇಲೆ ಕಣ್ಣು ಮುಚ್ಚಿಕೊಂಡು ಎನ್‌ವಿಡಿಎಯಿಂದ ಓದಿಸಿ ಕೇಳಲಿ. ಗುರುವಾರದ ಮೂರನೆಯ ಪಾಠ ಯಾವುದೆಂಬುದು ಕಣ್ಣು ತೆರೆಯದೆಯೇ ತಿಳಿದುಬಂದರೆ, ಆ ಕೋಷ್ಟಕ ಸರಿಯಾಗಿದೆಯೆಂದು ನಂಬಬಹುದು.