ಬೋರ್ಡ್ ಬರೆಸುವ ಮೊದಲು

ತಂಗೀ, ನೀನು ಕೊಟ್ಟುಹೋದ ಯೋಜನಾ ವರದಿಯನ್ನು ಪೂರ್ತಿ ಓದಿದೆ. ನರ್ಸಿಂಗ್ ಓದಿ, ಆಸ್ಪತ್ರೆಯಲ್ಲಿ ದುಡಿದು, ಈಗ ನಮ್ಮ ಭಾಗದಲ್ಲೇ ಹೋಮ್ ನರ್ಸಿಂಗ್ ಶುರು ಮಾಡಬೇಕೆಂದಿರುವುದು ನನಗೆ ಬಹಳ ಸಂತೋಷ ತಂದಿದೆ. ಕೊಪ್ಪಳಕ್ಕೆ 2015ರಲ್ಲಿ ಮೆಡಿಕಲ್ ಕಾಲೇಜು ಬಂತು, ಗಂಗಾವತಿಯಲ್ಲಿ ಖಾಸಗಿ ಆಸ್ಪತ್ರೆಗಳು ಬೆಳೆದವು. ಲಕ್ವಾ ಹೊಡೆದವರು, ತೊಡೆಮೂಳೆ ಮುರಿದವರು ಜೀವ ಉಳಿಸಿಕೊಂಡು ಮನೆಗೆ ಬರುತ್ತಾರೆ. ಬಂದ ಮೇಲೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವವರಿಲ್ಲದೆ ಬೆನ್ನೆಲ್ಲ ಹುಣ್ಣು. ಈ ಕೆಲಸ ಬೇಕೇ ಬೇಕು. ಅದಕ್ಕೇ ಲೆಕ್ಕ ಗಟ್ಟಿ ಇರಬೇಕು ಅನ್ನುತ್ತೇನೆ. ಆರು ತಿಂಗಳಿಗೆ ನೀನು ಬಾಗಿಲು ಹಾಕಿದರೆ ನಿನ್ನ ಸಾಲಕ್ಕಿಂತ ದೊಡ್ಡ ಕಷ್ಟ ಆ ಹಾಸಿಗೆಯಲ್ಲಿರುವವರದು.

ವರದಿಯಲ್ಲಿ ಆರು ಜನ ಸಿಬ್ಬಂದಿ, ತಿಂಗಳಿಗೆ 15,000 ಪಗಾರ ಅಂತ ಬರೆದಿದ್ದೀಯ. ಒಟ್ಟು 90,000 ಆಯಿತು. ಅಂಗಡಿ ಬಾಡಿಗೆ, ಪೆಟ್ರೋಲು, ಫೋನು, ಬ್ಯಾಂಕಿನ ಕಂತು, ನಿನ್ನ ಮನೆಖರ್ಚು ಸೇರಿ ಇನ್ನೊಂದು 46,000. ಅಲ್ಲಿಗೆ 1,36,000. ದಿನಪಾಳಿಗೆ 900 ರೂಪಾಯಿ ದರ. ಆರು ಜನ ತಿಂಗಳಿಗೆ 26 ದಿನ ದುಡಿದರೆ 156 ದಿನ, ಬರುವುದು 1,40,400. ಲಾಭ 4,400 ಅಂತ ಕೆಳಗೆ ಗೆರೆ ಎಳೆದಿದ್ದೀಯ. ಆ ಗೆರೆಯ ಮೇಲೆ ನಂಬಿಕೆ ಇಡಬೇಡ. ಖರ್ಚು ಹುಟ್ಟಬೇಕಾದರೆ 156ರಲ್ಲಿ 152 ದಿನ ಮಾರಾಟವಾಗಬೇಕು. ಒಬ್ಬ ರೋಗಿ ಗುಣವಾಗಿ ಇನ್ನೊಬ್ಬರ ಮನೆಯಿಂದ ಕರೆ ಬರುವವರೆಗೆ ನಿನ್ನ ಹುಡುಗಿಯರು ಖಾಲಿ ಕೂರುತ್ತಾರೆ. 110 ದಿನವಷ್ಟೇ ಕೆಲಸ ಸಿಕ್ಕಿತು ಅಂತ ಹಿಡಿ: ಬರುವುದು 99,000, ಕೈಯಿಂದ ಹೋಗುವುದು 37,000. ಹೊಸದರಲ್ಲಿ ಇಂಥ ತಿಂಗಳೇ ಹೆಚ್ಚು.

ಆದ್ದರಿಂದ ಮುನ್ನಂದಾಜನ್ನು ರೂಪಾಯಿಯಿಂದ ಶುರು ಮಾಡಬೇಡ, ದಿನಗಳಿಂದ ಶುರು ಮಾಡು. ಈ ವಾರ ಎಷ್ಟು ಮನೆ, ಎಷ್ಟು ಪಾಳಿ, ಎಷ್ಟು ದಿನ ಖಾಲಿ, ಯಾವ ಮನೆಯ ಕೆಲಸ ಎಂದಿಗೆ ಮುಗಿಯಬಹುದು. ಒಂದು ನೋಟ್‌ಬುಕ್ಕು ಸಾಕು. ಮೂರು ತಿಂಗಳು ತಪ್ಪದೆ ಬರೆದರೆ ನಾಲ್ಕನೆಯ ತಿಂಗಳನ್ನು ನೀನೇ ಹೇಳಬಲ್ಲೆ.

ಪಗಾರ ಇಳಿಸುವ ಯೋಚನೆ ಮಾತ್ರ ಮಾಡಬೇಡ. ಇನ್ನೊಬ್ಬರ ಮನೆಯ ಮುದುಕರ ಮಲಮೂತ್ರ ತೆಗೆದು, ಮೈ ಒರೆಸುವ ಕೈಗೆ ಹದಿನೈದು ಸಾವಿರವೇ ಕಡಿಮೆ. ದಾರಿ ಬೇರೆ ಇದೆ. ದಿನವಿಡೀ ಒಂದೇ ಮನೆಯಲ್ಲಿ ಕೂರುವ ನರ್ಸ್ 900 ತರುತ್ತಾಳೆ. ಅವಳೇ ಗಂಗಾವತಿ ಊರೊಳಗೆ ಡ್ರೆಸಿಂಗ್, ಯೂರಿನ್ ಪೈಪ್ ಬದಲಾವಣೆ, ಇಂಜೆಕ್ಷನ್ ಅಂತ ಐದು ಮನೆಗೆ ಹೋಗಿ ಬಂದರೆ, ಭೇಟಿಗೆ 300ರಂತೆ 1,500. ಮನೆಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಈ ಲೆಕ್ಕ ಕೂಡುತ್ತದೆ.

ಇಲ್ಲೇ ನಿನ್ನ ಮೊದಲ ಹಾಳೆಗೆ ನನ್ನ ತಕರಾರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಸೇವೆ ಅಂತ ಬೋರ್ಡ್ ಬರೆಸಲು ಹೊರಟಿದ್ದೀಯ. ಕುಷ್ಟಗಿ, ಯಲಬುರ್ಗಾ ಹಳ್ಳಿಗಳಲ್ಲಿ ಬೋರಿನ ನೀರಿನ ಫ್ಲೋರೈಡಿಗೆ ಮೊಣಕಾಲು, ಸೊಂಟ ಹಿಡಿದು ಕೂತವರು ಎಷ್ಟೋ ಜನ. ಅಗತ್ಯ ಅಲ್ಲೇ ಹೆಚ್ಚು, ರೊಕ್ಕದ ಓಡಾಟ ಅಲ್ಲೇ ಕಡಿಮೆ, ಒಂದು ಭೇಟಿಗೆ ಅರ್ಧ ದಿನ ಹೋಗುತ್ತದೆ. ಅವರನ್ನು ಬಿಡು ಅನ್ನುತ್ತಿಲ್ಲ. ಗಂಗಾವತಿಯಲ್ಲಿ ಒಂದು ವರ್ಷ ಕಾಲೂರು. ಎರಡನೆಯ ವರ್ಷ ವಾರಕ್ಕೊಂದು ದಿನ ನಿಗದಿ ಮಾಡಿ, ಒಂದೇ ದಾರಿಯ ನಾಲ್ಕೈದು ಹಳ್ಳಿಗಳನ್ನು ಸೇರಿಸಿ ಹೋಗು. ಆ ದಿನದ ನಷ್ಟವನ್ನು ಮೊದಲೇ ಲೆಕ್ಕದಲ್ಲಿ ಬರೆದಿಡು. ಗೊತ್ತಿದ್ದೂ ಹೊರುವ ಭಾರಕ್ಕೆ ಬೆನ್ನು ಮುರಿಯುವುದಿಲ್ಲ.

ಇನ್ನು ರೊಕ್ಕ ಬರುವ ಹೊತ್ತು. ಬೆಂಗಳೂರಿನಲ್ಲಿ 2013ರಲ್ಲಿ ಪೋರ್ಟಿಯಾದಂಥ ಮನೆ ಆರೈಕೆಯ ಕಂಪನಿ ಶುರುವಾದಾಗ ಅದರ ಎದುರಿಗಿದ್ದದ್ದು ತಿಂಗಳ ಸಂಬಳದ ನಗರ, ಬೆನ್ನಿಗಿದ್ದದ್ದು ಹೂಡಿಕೆದಾರರು. ನಿನ್ನ ಎದುರಿಗಿರುವುದು ತುಂಗಭದ್ರೆ ಎಡದಂಡೆ ಕಾಲುವೆ. ಇಲ್ಲಿ ಗದ್ದೆಯವರು ಭತ್ತ ಮಾರಿದಾಗ ಕೊಡುತ್ತಾರೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಬಂದರೆ, ಬೇಸಿಗೆ ಬೆಳೆ ಏಪ್ರಿಲ್, ಮೇ ಹೊತ್ತಿಗೆ. ನಡುವಿನ ತಿಂಗಳಲ್ಲೆಲ್ಲ ಉದ್ರಿ. ನಿನ್ನ ಹುಡುಗಿಯರ ಪಗಾರ ಸುಗ್ಗಿಗೆ ಕಾಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಈ ಸೀಮೆಯ ಭತ್ತದ ರೈತರಿಂದ ಹಿಡಿದು ಅಂಗಡಿಯವರವರೆಗೆ ಎಲ್ಲರ ಎದೆ ನಡುಗಿದ್ದು ನಿನಗೂ ನೆನಪಿದೆ. ಆದ್ದರಿಂದ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಎರಡನೆಯ ಬೆಳೆಗೆ ನೀರಿನ ಬಗ್ಗೆ ಏನು ತೀರ್ಮಾನವಾಯಿತು ಅನ್ನುವ ಸುದ್ದಿ ನಿನ್ನ ವ್ಯಾಪಾರದ ಸುದ್ದಿಯೂ ಹೌದು. ವರ್ಷದ ಅಂದಾಜಿಗೆ ಮೂರು ಸಾಲು ಹಾಕು: ಎರಡು ಬೆಳೆ, ಒಂದು ಬೆಳೆ, ಬರ. ಒಂದು ಬೆಳೆಯ ಸಾಲಿನ ಮೇಲೆ ಸಿಬ್ಬಂದಿ ನೇಮಿಸು. ಮೂರು ತಿಂಗಳ ಪಗಾರ ಬೇರೆ ಖಾತೆಯಲ್ಲಿ ಕೂಡದೆ ಬಾಗಿಲು ತೆರೆಯಬೇಡ.

ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು ಫೋನ್‌ಪೇ ಮಾಡುವ ಮನೆ ಬೇರೆ, ಮಕ್ಕಳು ಮಂಗಳೂರು, ಗೋವೆಗೆ ಗುಳೆ ಹೋಗಿ ವಾರದ ಬಟವಾಡೆಯಲ್ಲಿ ಉಳಿಸಿ ಕಳಿಸುವ ಮನೆ ಬೇರೆ. ಮೊದಲಿನವರಿಂದ ತಿಂಗಳಿಗೆ, ಎರಡನೆಯವರಿಂದ ವಾರಕ್ಕೆ ತೆಗೆದುಕೋ. ಆಯುಷ್ಮಾನ್ ಕಾರ್ಡ್ ನಡೆಯುತ್ತದೇನು ಅಂತ ಎಲ್ಲರೂ ಕೇಳುತ್ತಾರೆ. ಅದರ ಐದು ಲಕ್ಷ ಆಸ್ಪತ್ರೆಯ ಚಿಕಿತ್ಸೆಗೆ, ಮನೆಯ ಆರೈಕೆಗಲ್ಲ ಅಂತ ಮೊದಲ ದಿನವೇ ಬಿಡಿಸಿ ಹೇಳು. ರೋಗಿಯನ್ನು ಕಳಿಸಿಕೊಡಲು ಯಾರಾದರೂ ಕಮಿಷನ್ ಕೇಳಿದರೆ ಕೊಡಬೇಡ. ಆ ರೊಕ್ಕ ಕೊನೆಗೆ ರೋಗಿಯ ಬಿಲ್ಲಿನ ಮೇಲೇ ಕೂರುತ್ತದೆ.

ಹದಿನೈದು ದಿನದ ಮುಂಗಡ ಪಡೆ. ಕೇಳಲು ನಾಚಿಕೆ ಪಡಬೇಡ, ಆದರೆ ಅದರ ಜತೆಗೆ ಒಂದು ನೇಮ ಇರಲಿ. ನಿನ್ನ ರೋಗಿಗಳಲ್ಲಿ ಹಲವರು ಉಳಿಯುವುದಿಲ್ಲ. ಹೆಣ ಎತ್ತಿದ ಮನೆಗೆ ಬಾಕಿ ಕೇಳಲು ಹೋಗುವ ಪರಿಸ್ಥಿತಿ ನಿನಗೆ ಬರಬಾರದು, ಅವರು ನಿನ್ನ ಹತ್ತಿರ ಮುಂಗಡ ವಾಪಸ್ ಕೇಳಲು ಬರುವಂತೆಯೂ ಆಗಬಾರದು. ಉಳಿದ ದಿನಗಳ ರೊಕ್ಕವನ್ನು ಮೂರು ದಿನದೊಳಗೆ ನೀನಾಗಿಯೇ ಕಳಿಸು. ಹಾಗಾಗಿ ಮುಂಗಡ ಆದಾಯವಲ್ಲ, ಸೇವೆ ಮುಗಿಯುವವರೆಗೆ ಅದು ಅವರದೇ. ಖರ್ಚಿನ ಖಾತೆಗೆ ಅದನ್ನು ಬೆರೆಸಬೇಡ. ವರದಿಯಲ್ಲಿ ಬೆರೆಸಿದ್ದೀಯ, ಅದನ್ನು ಮೊದಲು ತಿದ್ದು.

ಮಂಚ, ಏರ್‌ಬೆಡ್, ಆಕ್ಸಿಜನ್ ಮಷೀನ್ ಬಾಡಿಗೆಗೆ ಕೊಡುವ ವಿಚಾರ ಒಳ್ಳೆಯದೇ. 18,000ದ ಮಂಚ ತಿಂಗಳಿಗೆ 1,500ರಂತೆ ವರ್ಷವಿಡೀ ಹೋದರೆ ಅಸಲು ಹುಟ್ಟಲು ಹನ್ನೆರಡು ತಿಂಗಳು, ಅರ್ಧ ವರ್ಷ ಮೂಲೆಯಲ್ಲಿದ್ದರೆ ಎರಡು ವರ್ಷ. ಎರಡೇ ಮಂಚದಿಂದ ಶುರು ಮಾಡು. ಬಾಡಿಗೆಯ ಬಿಲ್ಲು, ಶುಶ್ರೂಷೆಯ ಬಿಲ್ಲು ಬೇರೆ ಬೇರೆ ಇಡು, ಜಿಎಸ್‌ಟಿ ನಿಯಮ ಎರಡಕ್ಕೂ ಒಂದೇ ಅಲ್ಲ. ಸಿಬ್ಬಂದಿ ಹತ್ತಕ್ಕೆ ಏರಿದರೆ ಇಎಸ್‌ಐ ವಿಮೆ ಬರುತ್ತದೆ, ನಿನ್ನ ಪಾಲು ಪಗಾರದ ಶೇ 3.25. ಅದಕ್ಕೆ ಹೆದರಿ ಒಂಬತ್ತಕ್ಕೆ ನಿಲ್ಲಬೇಡ, ಸೂಜಿ ಚುಚ್ಚಿಕೊಳ್ಳುವ ಅಪಾಯ ದಿನವೂ ಇರುವ ಕೆಲಸವಿದು.

ಕೇಂದ್ರದ ಸ್ವಉದ್ಯೋಗ ಯೋಜನೆ ಪಿಎಂಇಜಿಪಿಯ ಸಾಲದ ಬಗ್ಗೆ ಒಂದು ಮಾತು. ಹೆಣ್ಣುಮಗಳಾದ ನಿನಗೆ ಹಳ್ಳಿಯಲ್ಲಿ ಶೇ 35, ನಗರದಲ್ಲಿ ಶೇ 25 ಸಬ್ಸಿಡಿ. ಗಂಗಾವತಿ ನಗರ, ನೀನು 35 ಹಿಡಿದಿದ್ದೀಯ. ಅದೂ ಕೈಗೆ ಸಿಗುವ ರೊಕ್ಕವಲ್ಲ, ಬ್ಯಾಂಕಿನಲ್ಲಿ ಮೂರು ವರ್ಷ ನಿನ್ನ ಹೆಸರಿನ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅಲ್ಲಿಯವರೆಗೆ ವ್ಯಾಪಾರ ತನ್ನ ಕಾಲ ಮೇಲೇ ನಡೆಯಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗುವ ಮೊದಲು ಈ ಸಾಲುಗಳನ್ನು ತಿದ್ದಿಕೊಂಡು ಬಾ. ಸಿಬ್ಬಂದಿ ಆರರ ಬದಲು ಮೂರು, ಊರು ನಾಲ್ಕರ ಬದಲು ಒಂದು ಮಾಡಿ, ಹನ್ನೆರಡು ತಿಂಗಳ ಹಾಳೆಯನ್ನು ಹೊಸದಾಗಿ ಬರೆ. ಬ್ಯಾಂಕಿಗೆ ನಾನೂ ಜತೆಗೆ ಬರುತ್ತೇನೆ.