ಶಾಲಾ ಮನಶ್ಶಾಸ್ತ್ರಜ್ಞರಿಗೆ ತರಬೇತಿ: ಸಂಸ್ಥೆಗೆ ಮಾನ್ಯತೆ ಸಿಗುವ ಬಗೆ

ಅಮೆರಿಕದ ಶಾಲೆಗಳಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರ ಕಲಿಕೆ ಪದವಿಯೊಂದಿಗೆ ಮುಗಿಯುವುದಿಲ್ಲ. ಅವರ ವೃತ್ತಿಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ ಸೈಕಾಲಜಿಸ್ಟ್ಸ್, ಚುಟುಕಾಗಿ ನಾಸ್ಪ್, 1969ರಲ್ಲಿ ಹುಟ್ಟಿದ್ದು. ಈ ಸಂಘ ನೀಡುವ ‘ಎನ್‌ಸಿಎಸ್‌ಪಿ’ ಎಂಬ ರಾಷ್ಟ್ರಮಟ್ಟದ ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ನವೀಕರಣಕ್ಕೆ 75 ಗಂಟೆಗಳ ವೃತ್ತಿಪರ ಕಲಿಕೆ ತೋರಿಸಬೇಕು; ಅದರಲ್ಲಿ ಕನಿಷ್ಠ 3 ಗಂಟೆ ವೃತ್ತಿನೀತಿ ಅಥವಾ ಕಾನೂನಿಗೆ ಸಂಬಂಧಿಸಿರಬೇಕು. ಒಟ್ಟು ಗಂಟೆಗಳಲ್ಲಿ ಒಂದು ಪಾಲು ಮಾನ್ಯತೆ ಪಡೆದ ಸಂಸ್ಥೆಗಳ ತರಬೇತಿಯಿಂದಲೇ ಬರಬೇಕು. ಆ ಮಾನ್ಯತೆ ನಾಸ್ಪ್‌ನದಾಗಿರಬೇಕು, ಇಲ್ಲವೇ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅಂದರೆ ಎಪಿಎ ನೀಡಿದ್ದಾಗಿರಬೇಕು. ಹೀಗಾಗಿ ಕಾರ್ಯಾಗಾರ ಎಷ್ಟೇ ಚೆನ್ನಾಗಿರಲಿ, ನಡೆಸಿದವರಿಗೆ ಮಾನ್ಯತೆ ಇಲ್ಲದಿದ್ದರೆ ಅದು ಆ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ.

ಮಾನ್ಯತೆ ಸಿಗುವುದು ಸಂಸ್ಥೆಗೆ. ಯಾವುದೋ ಒಂದು ಉಪನ್ಯಾಸಕ್ಕಲ್ಲ, ಉಪನ್ಯಾಸಕರ ಹೆಸರಿಗೂ ಅಲ್ಲ. ವಿಶ್ವವಿದ್ಯಾಲಯದ ವಿಭಾಗ, ರಾಜ್ಯಮಟ್ಟದ ವೃತ್ತಿಸಂಘ, ಶಾಲಾ ಜಿಲ್ಲೆಯ ಆಡಳಿತ, ಖಾಸಗಿ ತರಬೇತಿ ಕಂಪನಿ, ಇವುಗಳಲ್ಲಿ ಯಾವುದಾದರೂ ಅರ್ಜಿ ಹಾಕಬಹುದು. ಒಮ್ಮೆ ಮಾನ್ಯತೆ ಬಂದರೆ ಪ್ರತಿ ಕಾರ್ಯಕ್ರಮಕ್ಕೂ ಬೇರೆಯಾಗಿ ಅನುಮತಿ ಕೇಳುತ್ತ ಕೂರಬೇಕಿಲ್ಲ, ಗಂಟೆಗಳನ್ನು ಸಂಸ್ಥೆಯೇ ಕೊಡಬಹುದು. ಈ ಸ್ವಾತಂತ್ರ್ಯ ಇರುವುದರಿಂದಲೇ ಪರಿಶೀಲನೆ ಬಿಗಿ. ಪರಿಶೀಲಕರು ನೋಡುವುದು ಈ ಸಂಸ್ಥೆ ಮುಂದಿನ ವರ್ಷ ನಡೆಸಲಿರುವ, ಇನ್ನೂ ಯೋಚಿಸಿಯೂ ಇರದ ಕಾರ್ಯಾಗಾರವನ್ನು ಹೇಗೆ ನಡೆಸೀತು ಎಂಬುದನ್ನು.

ಮೊದಲ ಹೆಜ್ಜೆ: ಯಾರ ಬಳಿ ಹೋಗಬೇಕು

ತರಬೇತಿಗೆ ಬರುವವರಲ್ಲಿ ಹೆಚ್ಚಿನವರು ಶಾಲಾ ಮನಶ್ಶಾಸ್ತ್ರಜ್ಞರೇ ಆಗಿದ್ದರೆ ನಾಸ್ಪ್‌ನ ದಾರಿ ಸಹಜ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರೂ ಬೆರೆತಿದ್ದರೆ ಎಪಿಎ ದಾರಿಯನ್ನೂ ನೋಡಬಹುದು. ಎಪಿಎ ತನ್ನ ಅಪೇಕ್ಷೆಗಳನ್ನು ಗುರಿ, ನಿರ್ವಹಣೆ, ಬೋಧನಾ ಯೋಜನೆ, ಪಠ್ಯವಸ್ತು, ಮೌಲ್ಯಮಾಪನ, ಗಂಟೆ ನೀಡಿಕೆ, ಪ್ರಚಾರ ಎಂಬ ಏಳು ತಲೆಬರಹಗಳಡಿ ಬರೆದಿಟ್ಟಿದೆ. ಮೊದಲ ಬಾರಿ ಅರ್ಜಿ ತಯಾರಿಸುವವರು ಯಾವ ದಾರಿ ಹಿಡಿದರೂ ಈ ಏಳನ್ನು ಮುಂದಿಟ್ಟುಕೊಂಡರೆ ಕೆಲಸ ಹಗುರವಾಗುತ್ತದೆ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಎನ್‌ಸಿಎಸ್‌ಪಿ ರಾಷ್ಟ್ರಮಟ್ಟದ್ದು; ಶಾಲೆಯಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ ಕೊಡುವುದು ಆಯಾ ರಾಜ್ಯ. ಟೆಕ್ಸಸ್‌ನ ನಿಯಮ ಒಹಾಯೋದಲ್ಲಿ ನಡೆಯುವುದಿಲ್ಲ. ರಾಷ್ಟ್ರಮಟ್ಟದ ಮಾನ್ಯತೆ ಇದ್ದ ಮಾತ್ರಕ್ಕೆ ಎಲ್ಲ ರಾಜ್ಯಗಳೂ ಆ ಗಂಟೆಗಳನ್ನು ಒಪ್ಪುತ್ತವೆ ಎಂದು ಕರಪತ್ರದಲ್ಲಿ ಹಾಕುವುದು ತಪ್ಪು ಭರವಸೆಯಾಗುತ್ತದೆ. ನಿಮ್ಮ ರಾಜ್ಯದ ಮಂಡಳಿಯನ್ನು ವಿಚಾರಿಸಿಕೊಳ್ಳಿ ಎಂದು ಒಂದು ಸಾಲು ಸೇರಿಸಿದರೆ ಸಾಕು.

ಎರಡನೆಯದು: ಯೋಜನೆಯಲ್ಲಿ ಬಲ್ಲವರು

ಕಾರ್ಯಕ್ರಮ ರೂಪಿಸುವ ಸಮಿತಿಯಲ್ಲಿ ಆ ವೃತ್ತಿಯ ಅರ್ಹ ವ್ಯಕ್ತಿಯೇ ಇರಬೇಕು. ಆಡಳಿತಾಧಿಕಾರಿ ಎಲ್ಲವನ್ನೂ ತೀರ್ಮಾನಿಸಿ, ಕೊನೆಗೆ ಒಬ್ಬ ಮನಶ್ಶಾಸ್ತ್ರಜ್ಞರ ಸಹಿ ಹಾಕಿಸಿಕೊಳ್ಳುವುದು ಪರಿಶೀಲಕರಿಗೆ ಬೇಗ ಗೊತ್ತಾಗುತ್ತದೆ. ಸಭೆಯ ನಡಾವಳಿಯಲ್ಲಿ ಅವರು ಏನು ಹೇಳಿದರು, ಅದರಿಂದ ಏನು ಬದಲಾಯಿತು ಎಂಬುದು ದಾಖಲಾಗಿರಬೇಕು. ವಿಷಯವನ್ನು ಯಾಕೆ ಆರಿಸಿಕೊಳ್ಳಲಾಯಿತು ಎಂಬುದಕ್ಕೂ ಆಧಾರ ಬೇಕು: ಹಿಂದಿನ ಕಾರ್ಯಾಗಾರದ ಅಭಿಪ್ರಾಯ ಪತ್ರಗಳು, ಸದಸ್ಯರ ಸಮೀಕ್ಷೆ, ಹೊಸದಾಗಿ ಬಂದ ಕಾನೂನು, ಹೀಗೆ. ಉಪನ್ಯಾಸಕರು ಸುಲಭವಾಗಿ ಸಿಕ್ಕರು ಎಂಬುದು ಕಾರಣವಲ್ಲ, ಎಷ್ಟೋ ಕಾರ್ಯಾಗಾರಗಳ ನಿಜವಾದ ಕಾರಣ ಅದೇ ಆಗಿದ್ದರೂ.

ವಿಷಯ ವೃತ್ತಿಯ ಚೌಕಟ್ಟಿನೊಳಗೆ ಇದೆಯೇ ಎಂದು ನೋಡಲು ನಾಸ್ಪ್‌ನ 2020ರ ವೃತ್ತಿಮಾನಕಗಳು ನೆರವಾಗುತ್ತವೆ. ಶಾಲಾ ಮನಶ್ಶಾಸ್ತ್ರಜ್ಞರ ಕೆಲಸವನ್ನು ಅವು ಹತ್ತು ಕ್ಷೇತ್ರಗಳಾಗಿ ವಿಂಗಡಿಸಿವೆ. ಅಂಕಿಅಂಶ ನೋಡಿ ತೀರ್ಮಾನಿಸುವುದು, ಶಿಕ್ಷಕರು ಮತ್ತು ಪೋಷಕರೊಂದಿಗೆ ಸಮಾಲೋಚನೆ, ಓದುಬರಹದ ನೆರವು, ಮಾನಸಿಕ ಆರೋಗ್ಯ ಸೇವೆ, ಶಾಲಾ ಸುರಕ್ಷತೆ, ಭಿನ್ನ ಹಿನ್ನೆಲೆಯ ಮಕ್ಕಳಿಗೆ ಸಮಾನ ಸೇವೆ, ಸಂಶೋಧನೆಯ ಬಳಕೆ, ಕಾನೂನು ಮತ್ತು ನೀತಿ ಇವುಗಳಲ್ಲಿ ಮುಖ್ಯವಾದವು. ಪ್ರತಿ ಕಾರ್ಯಕ್ರಮವನ್ನೂ ಇವುಗಳಲ್ಲಿ ಒಂದಕ್ಕಾದರೂ ಜೋಡಿಸಿ ತೋರಿಸಲು ಆಗಬೇಕು. ತೆರಿಗೆ ಉಳಿತಾಯದ ಉಪನ್ಯಾಸವಾಗಲಿ, ಖಾಸಗಿ ಕ್ಲಿನಿಕ್‌ಗೆ ಗಿರಾಕಿ ಹಿಡಿಯುವ ಪಾಠವಾಗಲಿ ಹೀಗೆ ಜೋಡಣೆಯಾಗುವುದಿಲ್ಲ.

ಮೂರನೆಯದು: ಕಲಿಕೆಯ ಉದ್ದೇಶ ಬರೆಯುವುದು

ಅರ್ಜಿಯ ಬಲ, ಬಲಹೀನತೆ ಹೆಚ್ಚಾಗಿ ಇಲ್ಲೇ ತಿಳಿಯುತ್ತದೆ. ‘ಭಾಗವಹಿಸಿದವರು ಓದಿನ ತೊಡಕಿನ ಬಗ್ಗೆ ಅರಿವು ಪಡೆಯುತ್ತಾರೆ’ ಎಂದು ಬರೆದರೆ ಅದನ್ನು ಅಳೆಯಲು ಆಗುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಮೂರನೇ ತರಗತಿಯ ಮಗುವಿನ ಆರು ವಾರಗಳ ಓದಿನ ವೇಗದ ಗ್ರಾಫ್ ನೋಡಿ, ಕೊಡುತ್ತಿರುವ ನೆರವನ್ನು ಮುಂದುವರಿಸಬೇಕೇ, ಬದಲಾಯಿಸಬೇಕೇ ಎಂದು ಕಾರಣಸಹಿತ ನಿರ್ಧರಿಸಬಲ್ಲರು.’ ಈ ವಾಕ್ಯದಿಂದ ಉಪನ್ಯಾಸಕರಿಗೆ ಏನು ಕಲಿಸಬೇಕೆಂಬುದೂ, ಆಯೋಜಕರಿಗೆ ಕೊನೆಯಲ್ಲಿ ಏನು ಪ್ರಶ್ನೆ ಕೇಳಬೇಕೆಂಬುದೂ ಗೊತ್ತಾಗುತ್ತದೆ. ಕಾರ್ಯಾಗಾರ ಹೊಸಬರಿಗೋ, ಅನುಭವಿಗಳಿಗೋ ಎಂಬುದನ್ನೂ ಕರಪತ್ರದಲ್ಲೇ ಹೇಳಬೇಕು. ಹತ್ತು ವರ್ಷ ಕೆಲಸ ಮಾಡಿದವರಿಗೆ ಬುದ್ಧಿಪರೀಕ್ಷೆಯ ಅ ಆ ಇ ಈ ಹೇಳಿ ಗಂಟೆ ಕೊಡುವುದು ನ್ಯಾಯವಲ್ಲ.

ಬೋಧಿಸುವ ವಿಷಯಕ್ಕೆ ಸಂಶೋಧನೆಯ ಆಧಾರ ಬೇಕು. ಆಧಾರ ಎಷ್ಟು ಗಟ್ಟಿ, ವಿಧಾನದ ಮಿತಿಗಳೇನು, ಅದರಿಂದ ಅಪಾಯವೇನಾದರೂ ಉಂಟೇ ಎಂಬುದನ್ನು ಬಂದವರಿಗೆ ಹೇಳಬೇಕೆಂದು ಎಪಿಎ ಮಾನಕಗಳೂ ಒತ್ತಿ ಹೇಳುತ್ತವೆ. ಉಪನ್ಯಾಸಕರ ವಿದ್ಯಾರ್ಹತೆ, ಆ ವಿಷಯದಲ್ಲಿನ ಅನುಭವ ಕಡತದಲ್ಲಿರಬೇಕು. ಅವರೇ ಒಂದು ಪರೀಕ್ಷಾ ಕಿಟ್ ಅಥವಾ ಪುಸ್ತಕ ಮಾರುವವರಾಗಿದ್ದರೆ ಆ ಹಣದ ಸಂಬಂಧವನ್ನು ನೋಂದಣಿಗೆ ಮೊದಲೇ ಬಹಿರಂಗಪಡಿಸಬೇಕು.

ನಾಲ್ಕನೆಯದು: ಗಂಟೆಯ ಲೆಕ್ಕ

ಒಂದು ಗಂಟೆಯ ಬೋಧನೆಗೆ ಒಂದು ಗಂಟೆ ಲೆಕ್ಕ. ಕಾರ್ಯಕ್ರಮ ಬೆಳಿಗ್ಗೆ 9ಕ್ಕೆ ಶುರುವಾಗಿ ಸಂಜೆ 4ಕ್ಕೆ ಮುಗಿದರೆ ಮೇಲ್ನೋಟಕ್ಕೆ ಏಳು ಗಂಟೆ. ಅದರಿಂದ ಊಟದ ಒಂದು ಗಂಟೆ, 15 ನಿಮಿಷದ ಎರಡು ಚಹಾ ವಿರಾಮ, ಸ್ವಾಗತ ಮತ್ತು ಸನ್ಮಾನದ ಅರ್ಧ ಗಂಟೆ ಕಳೆಯಬೇಕು. ಉಳಿಯುವುದು ಐದು ಗಂಟೆ. ಪ್ರಮಾಣಪತ್ರದಲ್ಲಿ ಏಳು ಎಂದು ಬರೆದರೆ ಅದು ಸುಳ್ಳು ದಾಖಲೆ.

ಹಾಜರಿಗೆ ಬೆಳಿಗ್ಗೆ ಒಂದು ಸಹಿ ಸಾಲದು, ಹೊರಡುವಾಗಲೂ ಪಡೆಯಬೇಕು. ಪ್ರಮಾಣಪತ್ರವನ್ನು ಕಾರ್ಯಕ್ರಮ ಮುಗಿದ ಮೇಲೆಯೇ ಕೊಡಬೇಕು. ನೋಂದಣಿ ಕಿಟ್‌ನೊಳಗೆ ಮೊದಲೇ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಖಾಲಿ. ಆನ್‌ಲೈನ್ ನೇರ ಪ್ರಸಾರದಲ್ಲಿ ಲಾಗಿನ್ ಆದ ಹಾಗೂ ಹೊರಬಂದ ಸಮಯದ ವರದಿ ಇಟ್ಟುಕೊಳ್ಳಬೇಕು. ಮೊದಲೇ ಚಿತ್ರೀಕರಿಸಿದ ಪಾಠವಾದರೆ ಕೊನೆಗೊಂದು ಪರೀಕ್ಷೆ ಇಟ್ಟು, ಎಷ್ಟು ಅಂಕಕ್ಕೆ ತೇರ್ಗಡೆ ಎಂಬುದನ್ನು ಮೊದಲೇ ತಿಳಿಸಬೇಕು.

ಪ್ರಮಾಣಪತ್ರದಲ್ಲಿ ಭಾಗವಹಿಸಿದವರ ಹೆಸರು, ವಿಷಯ, ದಿನಾಂಕ, ಗಂಟೆ, ಉಪನ್ಯಾಸಕರು, ಮಾನ್ಯತೆ ಪಡೆದ ಸಂಸ್ಥೆಯ ಹೆಸರು ಇರಲಿ. ನೀತಿಯ ವಿಷಯಕ್ಕೆ ಸಂದ ಗಂಟೆಗಳನ್ನು ಬೇರೆ ನಮೂದಿಸಿದರೆ ನವೀಕರಣದ ಹೊತ್ತಿಗೆ ಉಪಕಾರವಾಗುತ್ತದೆ.

ಐದನೆಯದು: ಅಭಿಪ್ರಾಯ, ದೂರು, ಕಡತ

ಅಭಿಪ್ರಾಯ ಪತ್ರದಲ್ಲಿ ಊಟ ಹೇಗಿತ್ತು ಎಂದು ಕೇಳುವುದರಿಂದ ಪರಿಶೀಲಕರಿಗೆ ಏನೂ ಸಿಗುವುದಿಲ್ಲ. ಪ್ರತಿ ಉದ್ದೇಶವೂ ಈಡೇರಿತೇ ಎಂದು ಒಂದೊಂದಾಗಿ ಕೇಳಬೇಕು, ಬಂದ ಉತ್ತರಗಳನ್ನು ಮುಂದಿನ ಯೋಜನೆಗೆ ಬಳಸಿದ್ದನ್ನು ತೋರಿಸಬೇಕು. ದೂರು ಬಂದರೆ ಯಾರು, ಎಷ್ಟು ದಿನದೊಳಗೆ ಉತ್ತರಿಸುತ್ತಾರೆ, ರದ್ದಾದರೆ ಹಣ ವಾಪಸು ಹೇಗೆ, ಅಂಗವಿಕಲರಿಗೆ ಏನು ಅನುಕೂಲ, ಎಲ್ಲಕ್ಕೂ ಬರಹದ ನಿಯಮ ಬೇಕು. ವರ್ಷಗಳ ನಂತರ ಯಾರಾದರೂ ಪ್ರಮಾಣಪತ್ರದ ನಕಲು ಕೇಳಿದರೆ ತೆಗೆದುಕೊಡುವಂತೆ ಕಡತವಿರಬೇಕು.

ಇಷ್ಟಾದ ಮೇಲೆ ಅರ್ಜಿ ನಮೂನೆ ತುಂಬುವುದು ದೊಡ್ಡ ಕೆಲಸವಲ್ಲ. ಈಗಾಗಲೇ ನಡೆಸಿದ ಒಂದು ಕಾರ್ಯಕ್ರಮದ ಪೂರ್ತಿ ಕಡತವನ್ನು, ಕರಪತ್ರದಿಂದ ಅಭಿಪ್ರಾಯಗಳ ಸಾರಾಂಶದವರೆಗೆ, ಒಂದೆಡೆ ಜೋಡಿಸಿಟ್ಟುಕೊಂಡರೆ ಯಾವ ಪ್ರಶ್ನೆಗೂ ಉತ್ತರ ಕೈಗೆ ಸಿಗುತ್ತದೆ.

ಮಾನ್ಯತೆ ಬಂದ ನಂತರವೂ ಎಚ್ಚರ ಬೇಕು. ಮಾನ್ಯತೆ ಕೊಟ್ಟವರು ಹೇಳಿದ ಪದಗಳಲ್ಲೇ ಅದನ್ನು ಪ್ರಕಟಿಸಬೇಕು. ‘ನಮ್ಮ ಕೋರ್ಸನ್ನು ಎಪಿಎ ಅನುಮೋದಿಸಿದೆ’ ಎನ್ನುವಂತಿಲ್ಲ. ಅನುಮೋದನೆ ಸಂಸ್ಥೆಗೆ, ಪಠ್ಯದ ಹೊಣೆಯೂ ಸಂಸ್ಥೆಯದೇ. ಮಾನ್ಯತೆಯಿಲ್ಲದ ಇನ್ನೊಬ್ಬರ ಜೊತೆ ಸೇರಿ ನಡೆಸಿದರೂ ಯೋಜನೆ, ಹಾಜರಿ, ಮೌಲ್ಯಮಾಪನದ ಜವಾಬ್ದಾರಿ ಮಾನ್ಯತೆ ಇದ್ದವರ ಮೇಲೆಯೇ ಇರುತ್ತದೆ. ಹೆಸರನ್ನು ಬಾಡಿಗೆಗೆ ಕೊಡುವ ವ್ಯವಹಾರ ಇದಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ಏರ್ಪಾಡು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನದು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು, ಪುನರ್ವಸತಿ ಮನಶ್ಶಾಸ್ತ್ರಜ್ಞರು ಅದರ ನೋಂದಣಿ ಪಟ್ಟಿಯಲ್ಲಿದ್ದಾರೆ. ಶಾಲಾ ಮನಶ್ಶಾಸ್ತ್ರಜ್ಞರೆಂಬ ಪ್ರತ್ಯೇಕ ವರ್ಗ ಇಲ್ಲ. ನೋಂದಣಿಯ ನವೀಕರಣಕ್ಕೆ ಪರಿಷತ್ತು ಮಾನ್ಯ ಮಾಡಿದ ಮುಂದುವರಿಕೆ ಶಿಕ್ಷಣ ಕಾರ್ಯಕ್ರಮಗಳಲ್ಲಿ ಅಂಕ ಗಳಿಸಬೇಕು. ಆದ್ದರಿಂದ ಕರ್ನಾಟಕದ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವವರು ಅಮೆರಿಕದ ಆನ್‌ಲೈನ್ ತರಬೇತಿಗೆ ಹಣ ಕಟ್ಟುವ ಮೊದಲು, ಅಲ್ಲಿನ ಗಂಟೆಗಳು ಇಲ್ಲಿನ ನವೀಕರಣಕ್ಕೆ ಸಲ್ಲುತ್ತವೆಯೇ ಎಂದು ಪರಿಷತ್ತಿನಿಂದಲೇ ಖಚಿತಪಡಿಸಿಕೊಳ್ಳಬೇಕು.