ಭೂಗರ್ಭಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳ ಉದ್ಯೋಗವೂ



ಹತ್ತನೆಯ ಇಯತ್ತೆಯು ಮುಗಿದ ಮೇಲೆ ಮಗಳನ್ನು ಯಾವ ಕಡೆಗೆ ಕಳಿಸಬೇಕೆಂದು ನಮ್ಮನ್ನು ಕೇಳಲು ಬರುವವರು ಬಹುಶಃ ವೈದ್ಯಕೀಯವನ್ನೂ ಶಿಕ್ಷಕಿಯ ಕೆಲಸವನ್ನೂ ಬಿಟ್ಟು ಮೂರನೆಯ ದಾರಿಯನ್ನು ಎಣಿಸುವದಿಲ್ಲ. ಆದಕಾರಣ ಭೂಗರ್ಭಶಾಸ್ತ್ರವನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಈ ಶಾಸ್ತ್ರಕ್ಕೆ ನಮ್ಮ ಸೀಮೆಯು ಹೊಸದಲ್ಲ. 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಈ ಪ್ರಾಂತದ ಬಂಡೆಗಳನ್ನು ಪರೀಕ್ಷಿಸಿ ಅವುಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. 250 ಕೋಟಿ ವರ್ಷಗಳಿಗೂ ಹಳೆಯವಾದ ಈ ಶಿಲೆಗಳನ್ನು ಲೋಕದ ಪಂಡಿತರೆಲ್ಲರೂ ಆ ಹೆಸರಿನಿಂದಲೇ ಬಲ್ಲರು. ನಮ್ಮ ಮಕ್ಕಳೋ, ಕದಂಬೇಶ್ವರ ಗುಡಿಯನ್ನು ನೂರು ಸಾರಿ ನೋಡಿದ್ದರೂ ಅದರ ಕಲ್ಲು ಯಾವ ಜಾತಿಯದೆಂದು ಕೇಳಿದ್ದನ್ನು ನಾವು ಕಂಡಿಲ್ಲ!

ಮೊದಲು ನೀರಿನ ಮಾತು. ಕುಮುದ್ವತಿಯ ದಂಡೆಯಲ್ಲಿದ್ದರೂ ನಮ್ಮ ಒಕ್ಕಲಿಗರು ಕೊಳವೆಬಾವಿಯನ್ನು ನಂಬಿಕೊಂಡಿರುವರು. ಸಾಲ ಮಾಡಿ ಕೊರೆಯಿಸಿದ ಬಾವಿಯಲ್ಲಿ ಬರೀ ಧೂಳು ಬಂದರೆ ಮನೆಯ ಗತಿಯೇನಾಗುವದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಮೊದಲು ನಿಲ್ಲುವದು ಮಗಳ ಓದು. ಗಟ್ಟಿ ಶಿಲೆಯ ನಾಡಿನಲ್ಲಿ ಮಳೆಯ ನೀರು ಮೇಲಿನ ಸವೆದ ಕಲ್ಲಿನ ಪದರದಲ್ಲಿಯೂ, ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವದು. ಬಿರುಕಿಲ್ಲದ ಬಂಡೆಯನ್ನು ಎಷ್ಟು ಆಳ ಕೊರೆದರೂ ಪ್ರಯೋಜನವಿಲ್ಲ. ಭೂಜಲವನ್ನು ಅಭ್ಯಾಸ ಮಾಡಿದವರು ನೆಲದಲ್ಲಿ ಲೋಹದ ಗೂಟಗಳನ್ನು ನೆಟ್ಟು, ಅವುಗಳ ಮೂಲಕ ವಿದ್ಯುತ್ತನ್ನು ಹರಿಸಿ, ನೆಲವು ಅದಕ್ಕೆ ಎಷ್ಟು ತಡೆಯೊಡ್ಡುವದೆಂದು ಅಳೆಯುವರು. ನೀರು ತುಂಬಿದ ಬಿರುಕುಬಂಡೆಯಲ್ಲಿ ತಡೆಯು ಕಡಿಮೆ. ಒಣ ಬಂಡೆಯಲ್ಲಿ ಹೆಚ್ಚು. ಈ ಅಳತೆಯೂ ಒಮ್ಮೊಮ್ಮೆ ತಪ್ಪುವದುಂಟು. ಆದರೂ ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ಹೊಲದಲ್ಲಿ ಅಡ್ಡಾಡುವವನಿಗಿಂತ ಇದನ್ನು ನಂಬುವದು ಲೇಸೆಂಬುದು ನಮ್ಮ ಅಭಿಪ್ರಾಯ. ಈ ವಿದ್ಯೆಯನ್ನು ಬಲ್ಲ ಹೆಣ್ಣುಮಗಳು ತನ್ನ ತಾಲೂಕಿನಲ್ಲಿಯೇ ಇದ್ದುಕೊಂಡು ದುಡಿಯಬಹುದು.

ಸರಕಾರೀ ನೌಕರಿಯನ್ನು ಬಯಸುವವರಿಗೆ ಕೇಂದ್ರ ಲೋಕಸೇವಾ ಆಯೋಗವು ಭೂವಿಜ್ಞಾನಿಗಳಿಗಾಗಿಯೇ ಒಂದು ಪರೀಕ್ಷೆಯನ್ನು ನಡೆಸುತ್ತದೆ. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೂ, ಕೇಂದ್ರ ಅಂತರ್ಜಲ ಮಂಡಳಿಗೂ ಅದರಿಂದಲೇ ಜನರನ್ನು ಆರಿಸುವರು. ಇದಕ್ಕೆ ಎಂ.ಎಸ್‌ಸಿ. ಪದವಿಯು ಬೇಕು. ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯು 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಇಲಾಖೆಯ ಮುಂದುವರಿಕೆ. ಮೇಲೆ ಹೇಳಿದ ಫೂಟ್ ಅವರೇ ಅದರ ಮೊದಲನೆಯ ಮುಖ್ಯಸ್ಥರು. ಮಣ್ಣಿನ ಪರೀಕ್ಷೆಯ ಕೆಲಸವೂ ಉಂಟು. ಎರೆಗೂ ಮಸಾರಿಗೂ ಒಂದೇ ಗೊಬ್ಬರ ಸಾಲದೆಂಬುದು ಇಲ್ಲಿಯ ಮೆಣಸಿನಕಾಯಿ, ಹತ್ತಿ ಬೆಳೆಯುವವರಿಗೆ ತಿಳಿದದ್ದೇ. ಆದರೆ ಆ ದಾರಿಯು ಕೃಷಿ ಕಾಲೇಜಿನಿಂದ ಹೋಗುತ್ತದೆ.

ಗಣಿಗಳ ವಿಷಯದಲ್ಲಿ ತುಸು ಎಚ್ಚರಿಕೆಯು ಬೇಕು. ಗಣಿಯ ಆಯುಷ್ಯಕ್ಕೆ ಮಿತಿಯುಂಟು. ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚಿತು, ಹಟ್ಟಿಯದು ನಡೆದಿದೆ. 1952ರ ಗಣಿ ಕಾಯಿದೆಯು ಹೆಂಗಸರು ನೆಲದೊಳಗಿನ ಗಣಿಯಲ್ಲಿ ದುಡಿಯಬಾರದೆಂದು ತಡೆದಿತ್ತು. 2019ರಲ್ಲಿ ಸರಕಾರವು ಅವರ ಲಿಖಿತ ಒಪ್ಪಿಗೆಯ ಮೇಲೆ, ಒಂದು ಪಾಳಿಯಲ್ಲಿ ಮೂವರಿಗೆ ಕಡಿಮೆಯಿರದಂತೆ, ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ ಅಪ್ಪಣೆ ಕೊಟ್ಟಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಎಂಬ ಗಣಿ ಇಂಜಿನಿಯರು ಝಾರ್ಖಂಡದ ಚೂರಿ ಕಲ್ಲಿದ್ದಲ ಗಣಿಯಲ್ಲಿ ಕೆಲಸಕ್ಕೆ ಸೇರಿದರು.

ಸುತ್ತಿಗೆ ಹಿಡಿದು ಗುಡ್ಡ ಹತ್ತುವ ಕೆಲಸ ಹುಡುಗಿಗೆ ಹೇಗಾದೀತು, ಅವಳನ್ನು ಮದುವೆಯಾಗುವವರು ಯಾರು ಎಂದು ತಾಯಂದಿರು ಕೇಳುವರು. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣುವದಿಲ್ಲ. ತಿಂಗಳುಗಟ್ಟಲೆ ಹೊರಗೆ ಡೇರೆಯಲ್ಲಿ ಇರಬೇಕಾಗಬಹುದು, ಬಿಸಿಲುಂಟು, ಪರಸ್ಥಳದ ವಾಸವುಂಟು. ಆದರೆ 1983ರಲ್ಲಿ ಹೊರಟ ಭಾರತದ ಮೂರನೆಯ ಅಂಟಾರ್ಕ್ಟಿಕಾ ಯಾತ್ರೆಯಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನಗುಪ್ತಾ, ಸಮುದ್ರವಿಜ್ಞಾನಿ ಅದಿತಿ ಪಂತ ಇವರಿಬ್ಬರೂ ಹಿಮದ ನಾಡಿಗೇ ಹೋಗಿ ಕೆಲಸ ಮಾಡಿ ಬಂದರು. ಹೊರಗೆ ತಿರುಗಲಾರದವರಿಗೆ ಪ್ರಯೋಗಶಾಲೆಯೂ, ಉಪಗ್ರಹದ ಚಿತ್ರಗಳಿಂದ ನಕಾಶೆ ಬರೆಯುವ ಕೆಲಸವೂ, ಕಾಲೇಜಿನ ಅಧ್ಯಾಪಕ ವೃತ್ತಿಯೂ ಇವೆ.

ಓದಲು ದೂರ ಹೋಗಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಸಮೀಪವೇ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಆರಿಸಿಕೊಳ್ಳುವಾಗ ಗಣಿತವನ್ನು ಬಿಡದಿರಲಿ. ಗಣಿ ಇಂಜಿನಿಯರಿಂಗಿಗೆ ಅದು ಬೇಕೇಬೇಕು. ಮಗಳಿಗೆ ಮನಸ್ಸಿದ್ದರೆ ಪರೀಕ್ಷೆಯ ಫಲ ಬರುವ ಮುಂಚೆಯೇ ಅವಳನ್ನು ಕರೆದುಕೊಂಡು ಶಾಲೆಗೆ ಬನ್ನಿರಿ. ಅರ್ಜಿಗಳನ್ನು ಕೂಡಿಯೇ ತುಂಬೋಣ.